ವಿಕಿರಣದ ಭಯಕ್ಕೆ ಲಿಖಿತ ಉತ್ತರ ಬೇಕು: ಕೋಲಾರ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ಹಾಗೂ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರಿಗೆ,
ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ,
ಕೋಲಾರ.

ವಿಷಯ: ವಿಕಿರಣದ ಆರೋಗ್ಯ ಪರಿಣಾಮಗಳ ಬಗ್ಗೆ ಜಿಲ್ಲೆಯ ಜನರಿಗೆ ಲಿಖಿತ ಮಾಹಿತಿ ನೀಡುವಂತೆ ಮತ್ತು ಜಿಲ್ಲೆಯ ಆರೋಗ್ಯ ದಾಖಲೆಯನ್ನು ಈಗಿನಿಂದಲೇ ಕಟ್ಟುವಂತೆ ಕೋರಿ.

ಮಾನ್ಯರೇ,

2012ರ ನವೆಂಬರ್ ತಿಂಗಳಲ್ಲಿ ತಮಿಳುನಾಡಿನ ಕೂಡಂಕುಳಂ ಪರಮಾಣು ಸ್ಥಾವರದ ಮೊಕದ್ದಮೆ ಸುಪ್ರೀಂ ಕೋರ್ಟಿನ ಮುಂದಿದ್ದಾಗ, ಆ ಸ್ಥಾವರದ ತ್ಯಾಜ್ಯವನ್ನು ಕೋಲಾರದ ಮುಚ್ಚಿದ ಚಿನ್ನದ ಗಣಿಗಳಲ್ಲಿ ಇಡುವ ಆಲೋಚನೆ ಇದೆಯೆಂಬ ಸುದ್ದಿ ಹೊರಬಿತ್ತು. ಕೆಜಿಎಫ್‌ನಲ್ಲೂ ಕೋಲಾರದಲ್ಲೂ ಜನ ಬೀದಿಗಿಳಿದರು. ಕೆಲವೇ ದಿನಗಳಲ್ಲಿ ಅಂಥ ಯೋಜನೆ ಇಲ್ಲವೆಂದು ದೆಹಲಿಯಿಂದ ಸ್ಪಷ್ಟನೆ ಬಂತು, ಪ್ರತಿಭಟನೆ ತಣ್ಣಗಾಯಿತು. ಆದರೆ ಅಂದು ಹುಟ್ಟಿದ ಸಂಶಯ ತಣ್ಣಗಾಗಿಲ್ಲ. ಇಂದಿಗೂ ಬಂಗಾರಪೇಟೆ ಕಡೆಯ ಬಸ್ಸಿನಲ್ಲಿ ಈ ಮಾತು ಎದ್ದರೆ, "ಆಗಲೇ ಹೂತಾಗಿದೆ, ನಮಗೆ ಹೇಳಿಲ್ಲ ಅಷ್ಟೇ" ಎನ್ನುವವರು ಸಿಗುತ್ತಾರೆ.

ಈ ಸಂಶಯ ಬರೀ ಗಾಳಿಮಾತಿನಿಂದ ಬೆಳೆದದ್ದಲ್ಲ. ಆಳವಾದ ಬಂಡೆಯೊಳಗೆ ತ್ಯಾಜ್ಯವನ್ನು ಇಟ್ಟರೆ ಅದರ ಬಿಸಿಗೆ ಬಂಡೆ ಹೇಗೆ ವರ್ತಿಸುತ್ತದೆ ಎಂದು ತಿಳಿಯಲು ಭಾಭಾ ಪರಮಾಣು ಸಂಶೋಧನಾ ಕೇಂದ್ರವು 1980ರ ದಶಕದಲ್ಲಿ ಕೆಜಿಎಫ್ ಗಣಿಯ ಒಳಗೆ ಒಂದು ಪ್ರಯೋಗ ನಡೆಸಿತ್ತು. ಅಲ್ಲಿ ಬಳಸಿದ್ದು ವಿದ್ಯುತ್ ಹೀಟರುಗಳನ್ನು, ತ್ಯಾಜ್ಯವನ್ನಲ್ಲ. ಈ ಒಂದು ಸಂಗತಿಯನ್ನು ಗಣಿ ಊರಿನ ಜನ ಆಡುವ ತಮಿಳಿನಲ್ಲಿ, ತೆಲುಗಿನಲ್ಲಿ, ಕನ್ನಡದಲ್ಲಿ ಎರಡು ಪುಟ ಅಚ್ಚು ಹಾಕಿಸಿ ಹಂಚಿದ್ದರೆ 2012ರ ಗಾಬರಿಯಲ್ಲಿ ಅರ್ಧದಷ್ಟಾದರೂ ಕಡಿಮೆಯಾಗುತ್ತಿತ್ತು ಎಂದು ನನ್ನ ನಂಬಿಕೆ. ಜನರ ಆಕ್ಷೇಪದಲ್ಲಿ ತಿರುಳೂ ಇತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಹೋದದ್ದು. ಅಷ್ಟು ಆಳದಲ್ಲಿ ಒತ್ತಡ ತಾಳದೆ ಬಂಡೆಗಳು ಸಿಡಿಯುವುದನ್ನು, ಅಂದರೆ 'ರಾಕ್ ಬರ್ಸ್ಟ್' ಎಂಬುದನ್ನು, ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ಮಲಗಿದ್ದ ಹೆಂಗಸರು ಮಕ್ಕಳೂ ನೆಲದ ನಡುಕದಿಂದ ಗುರುತಿಸುತ್ತಿದ್ದರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಪಂಪುಗಳು ನಿಂತು ಸುರಂಗಗಳಲ್ಲಿ ನೀರು ತುಂಬಿತು. ಬಂಡೆ ಸಿಡಿಯುವ, ನೀರು ತುಂಬಿದ ಜಾಗ ಇಂಥ ಕೆಲಸಕ್ಕೆ ತಕ್ಕದ್ದೇ ಎಂದು ಕೇಳಿದ ಗಣಿ ಕಾರ್ಮಿಕನ ಪ್ರಶ್ನೆ ಭೂವಿಜ್ಞಾನಿಯೂ ಕೇಳಬೇಕಾದ ಪ್ರಶ್ನೆಯೇ ಆಗಿತ್ತು. ಅದನ್ನು ಅಜ್ಞಾನ ಎಂದು ಕರೆದವರು ಜನರ ಮನಸ್ಸನ್ನು ಇನ್ನಷ್ಟು ದೂರ ಮಾಡಿದರು.

ನಾನು ಈ ಜಿಲ್ಲೆಯಲ್ಲಿ ಪದವಿಪೂರ್ವ ತರಗತಿಗಳಿಗೆ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಪರಮಾಣು ವಿದ್ಯುತ್ ಬೇಕೇ ಬೇಡವೇ ಎಂಬ ವಾದಕ್ಕೆ ಈ ಪತ್ರವನ್ನು ಮೀಸಲಿಡುತ್ತಿಲ್ಲ. ಅದಕ್ಕೆ ಬೇರೆ ವೇದಿಕೆಗಳಿವೆ. ಪರಮಾಣು ಅವಘಡಗಳು ನಡೆದ ದೇಶಗಳಲ್ಲಿ ಜನರ ಆರೋಗ್ಯಕ್ಕೆ ನಿಜವಾಗಿ ಏನಾಯಿತು, ಅದರಲ್ಲಿ ವಿಕಿರಣದ ಪಾಲೆಷ್ಟು, ಭಯದ ಪಾಲೆಷ್ಟು, ಆಡಳಿತದ ಮೌನದ ಪಾಲೆಷ್ಟು ಎಂಬುದನ್ನು ತಮ್ಮ ಮುಂದಿಟ್ಟು, ಅದರ ಆಧಾರದ ಮೇಲೆ ನಮ್ಮ ಜಿಲ್ಲೆಯಲ್ಲಿ ಆಗಬೇಕಾದ ಕೆಲವು ಕೆಲಸಗಳನ್ನು ಕೇಳುವುದು ನನ್ನ ಉದ್ದೇಶ.

1986ರ ಏಪ್ರಿಲ್ 26ರ ನಸುಕಿನಲ್ಲಿ ಆಗಿನ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಪರಮಾಣು ಸ್ಥಾವರದ ನಾಲ್ಕನೇ ಘಟಕ ಸಿಡಿಯಿತು. ಪಕ್ಕದ ಪ್ರಿಪ್ಯಾತ್ ಪಟ್ಟಣದ ಸುಮಾರು 49,000 ಜನರನ್ನು ತೆರವುಗೊಳಿಸಿದ್ದು ಮರುದಿನ ಮಧ್ಯಾಹ್ನ. ನಡುವಿನ ಸುಮಾರು ಮೂವತ್ತಾರು ಗಂಟೆ ಮಕ್ಕಳು ಬೀದಿಯಲ್ಲಿ ಆಡಿಕೊಂಡಿದ್ದರು. ಸ್ವೀಡನ್‌ನ ಒಂದು ಸ್ಥಾವರದಲ್ಲಿ ಕೆಲಸಗಾರರ ಮೈಮೇಲೆ ವಿಕಿರಣ ಪತ್ತೆಯಾಗಿ, ಅದು ಎಲ್ಲಿಂದ ಬಂತೆಂದು ಜಗತ್ತು ಕೇಳತೊಡಗಿದ ಮೇಲೆ, 28ರ ಸಂಜೆ ಸೋವಿಯತ್ ಸರ್ಕಾರ ಚುಟುಕಾಗಿ ಒಂದು ಹೇಳಿಕೆ ಕೊಟ್ಟಿತು. ಸ್ಥಾವರದ ಸಿಬ್ಬಂದಿ ಮತ್ತು ಅಗ್ನಿಶಾಮಕ ದಳದವರಲ್ಲಿ 134 ಮಂದಿಗೆ ತೀವ್ರ ವಿಕಿರಣ ಕಾಯಿಲೆಯಾಯಿತು, ಅವರಲ್ಲಿ 28 ಮಂದಿ ಮೊದಲ ಕೆಲವು ತಿಂಗಳಲ್ಲೇ ತೀರಿಕೊಂಡರು. ಈ ಸಂಖ್ಯೆಗಳ ಬಗ್ಗೆ ವಿವಾದವಿಲ್ಲ.

ಆಮೇಲೆ ಬಂದದ್ದು ನಿಧಾನದ ಕಾಯಿಲೆ. ಸ್ಥಾವರದಿಂದ ಹೊರಬಿದ್ದ, ವಿಕಿರಣ ಸೂಸುವ ಅಯೋಡಿನ್-131 ಹುಲ್ಲಿನ ಮೇಲೆ ಬಿತ್ತು, ಹುಲ್ಲು ಮೇಯ್ದ ಹಸುವಿನ ಹಾಲಿಗೆ ಇಳಿಯಿತು, ಹಾಲು ಕುಡಿದ ಮಗುವಿನ ಥೈರಾಯ್ಡ್ ಗ್ರಂಥಿಯಲ್ಲಿ ಕೂಡಿಕೊಂಡಿತು. ಈ ಅಯೋಡಿನ್ನಿನ ಅರ್ಧಾಯುಷ್ಯ, ಅಂದರೆ ಇದ್ದದ್ದು ಅರ್ಧಕ್ಕಿಳಿಯಲು ಬೇಕಾದ ಕಾಲ, ಬರೀ ಎಂಟು ದಿನ. ಅಂದರೆ ಕೆಲವು ವಾರಗಳ ಮಟ್ಟಿಗೆ ಹಾಲು ನಿಲ್ಲಿಸಿದ್ದರೆ, ಅಥವಾ ಹಳೆಯ ಹಾಲಿನ ಪುಡಿ ಕೊಟ್ಟಿದ್ದರೆ, ಹೆಚ್ಚಿನ ಅಪಾಯ ತಪ್ಪುತ್ತಿತ್ತು. ಬೆಲಾರೂಸ್, ಉಕ್ರೇನ್ ಮತ್ತು ರಷ್ಯಾದ ಬಾಧಿತ ಪ್ರದೇಶಗಳಲ್ಲಿ ಆಗ ಹದಿನೆಂಟರ ಒಳಗಿದ್ದವರ ಪೈಕಿ 2005ರ ಹೊತ್ತಿಗೆ 6,000ಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್ ಪ್ರಕರಣಗಳು ಕಂಡುಬಂದಿದ್ದವು, ಅವುಗಳಲ್ಲಿ ಗಣನೀಯ ಪಾಲಿಗೆ ಆ ಹಾಲೇ ಕಾರಣವೆಂದು ವಿಶ್ವಸಂಸ್ಥೆಯ ವಿಕಿರಣ ಸಮಿತಿ ಹೇಳಿದೆ. ಚಿಕಿತ್ಸೆಯಿಂದ ಹೆಚ್ಚಿನವರು ಬದುಕುಳಿದರು, ಆದರೆ ಕೊರಳಿನ ಗಾಯದ ಗುರುತು ಮತ್ತು ದಿನವೂ ನುಂಗಬೇಕಾದ ಮಾತ್ರೆ ಜೀವನವಿಡೀ ಜೊತೆಗೆ ಉಳಿಯಿತು. ಅದೇ ಸಮಯದಲ್ಲಿ ಪಕ್ಕದ ಪೋಲೆಂಡ್ ಮಾಸ್ಕೋದ ಮಾತಿಗೆ ಕಾಯದೆ, ತನ್ನದೇ ಅಳತೆಯ ಆಧಾರದ ಮೇಲೆ, ಕೆಲವೇ ದಿನಗಳಲ್ಲಿ ಥೈರಾಯ್ಡ್ ಗ್ರಂಥಿ ವಿಕಿರಣದ ಅಯೋಡಿನ್ನನ್ನು ಹೀರಿಕೊಳ್ಳದಿರಲೆಂದು ಒಂದು ಕೋಟಿಗೂ ಹೆಚ್ಚು ಮಕ್ಕಳಿಗೆ ಸಾಮಾನ್ಯ ಅಯೋಡಿನ್ನಿನ ದ್ರಾವಣ ಕುಡಿಸಿತು. ಹಾಲನ್ನೇ ಬದುಕಿನ ಆಧಾರ ಮಾಡಿಕೊಂಡ ನಮ್ಮ ಜಿಲ್ಲೆಯಲ್ಲಿ, ಬೆಳಗ್ಗೆ ಸಂಜೆ ಡೇರಿಯ ಮುಂದೆ ಕ್ಯಾನು ಹಿಡಿದು ನಿಲ್ಲುವ ಜನಕ್ಕೆ, ಈ ಸಂಗತಿ ಯಾರಾದರೂ ಹೇಳಿದ್ದಾರೆಯೇ ಎಂದು ನಾನು ಕೇಳಿ ನೋಡಿದ್ದೇನೆ. ಹೇಳಿದವರಿಲ್ಲ.

ಒಟ್ಟು ಸಾವುಗಳ ವಿಷಯದಲ್ಲಿ ಎರಡು ಬಗೆಯ ಮಾತುಗಳು ಓಡಾಡುತ್ತವೆ. ಸತ್ತವರು ಮೂವತ್ತು ಚಿಲ್ಲರೆ ಮಂದಿ ಮಾತ್ರ ಎಂಬುದು ಒಂದು, ಲಕ್ಷಾಂತರ ಜನ ಸತ್ತರೆಂಬುದು ಇನ್ನೊಂದು. ಮೊದಲನೆಯದು ನಿಧಾನದ ಕ್ಯಾನ್ಸರನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಎರಡನೆಯದಕ್ಕೆ ಅಳತೆಯ ಆಧಾರವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿದ್ದ ಚೆರ್ನೋಬಿಲ್ ವೇದಿಕೆಯ ವರದಿಯು, ಹೆಚ್ಚು ವಿಕಿರಣಕ್ಕೆ ಸಿಕ್ಕ ಸುಮಾರು 6 ಲಕ್ಷ ಜನರಲ್ಲಿ ಜೀವಿತಾವಧಿಯಲ್ಲಿ 4,000ದವರೆಗೆ ಸಾವುಗಳಾಗಬಹುದೆಂದು ಅಂದಾಜಿಸಿತು. ಯುರೋಪಿನ ಉಳಿದ ಭಾಗವನ್ನೂ ಸೇರಿಸಿ ಲೆಕ್ಕ ಹಾಕಿದವರು ಇದಕ್ಕಿಂತ ಹಲವು ಪಟ್ಟು ದೊಡ್ಡ ಅಂಕಿ ಕೊಟ್ಟಿದ್ದಾರೆ. ಅಂದಾಜುಗಳು ಹೀಗೆ ಬೇರೆಬೇರೆಯಾಗಲು ಕಾರಣವಿದೆ. ಒಬ್ಬರಿಗೆ ಸುಮಾರು 100 ಮಿಲಿಸೀವರ್ಟ್‌ಗಿಂತ (ಮೈಗೆ ತಗುಲಿದ ವಿಕಿರಣವನ್ನು ಅಳೆಯುವ ಮಾನ) ಕಡಿಮೆ ವಿಕಿರಣ ತಗುಲಿದರೆ ಅದರಿಂದ ಹೆಚ್ಚುವ ಕ್ಯಾನ್ಸರ್ ಎಷ್ಟು ಚಿಕ್ಕದೆಂದರೆ, ಸಮಾಜದಲ್ಲಿ ಹೇಗೂ ಇರುವ ಕ್ಯಾನ್ಸರುಗಳ ನಡುವೆ ಅದನ್ನು ಬೇರೆ ಮಾಡಿ ತೋರಿಸಲು ಆಗುವುದಿಲ್ಲ. ಹಾಗೆಂದು ಅದು ಸೊನ್ನೆ ಎಂದು ಹೇಳಲೂ ಆಗುವುದಿಲ್ಲ. ಹೋಲಿಕೆಗೆ ಹೇಳುವುದಾದರೆ, ನಾವೆಲ್ಲರೂ ಮಣ್ಣು, ಗಾಳಿ, ಆಕಾಶ ಮತ್ತು ಆಹಾರದಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಪಡೆಯುತ್ತೇವೆ, ಹೊಟ್ಟೆಯ ಒಂದು ಸಿ.ಟಿ. ಸ್ಕ್ಯಾನಿನಲ್ಲಿ ಸುಮಾರು 10 ಸಿಗುತ್ತದೆ. ಇಷ್ಟನ್ನು ಇಷ್ಟೇ ಪ್ರಾಮಾಣಿಕವಾಗಿ ಹೇಳಿದರೆ ಜನ ಅರ್ಥ ಮಾಡಿಕೊಳ್ಳುತ್ತಾರೆ. ಹದಿನೇಳು ವರ್ಷದ ಹಳ್ಳಿ ಮಕ್ಕಳಿಗೆ ಇದನ್ನು ವರ್ಷವರ್ಷವೂ ಅರ್ಥ ಮಾಡಿಸಿದ ಅನುಭವದಿಂದ ಹೇಳುತ್ತಿದ್ದೇನೆ.

ಈಗ ಭಯದ ಮಾತಿಗೆ ಬರುತ್ತೇನೆ, ಏಕೆಂದರೆ ಆರೋಗ್ಯ ಇಲಾಖೆ ಇದನ್ನು ತನ್ನ ವ್ಯಾಪ್ತಿಯ ವಿಷಯವೆಂದು ಇನ್ನೂ ಒಪ್ಪಿಕೊಂಡಂತೆ ಕಾಣುವುದಿಲ್ಲ. ಚೆರ್ನೋಬಿಲ್ಲಿನಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಗ್ರೀಸ್ ದೇಶದಲ್ಲಿ ಬಿದ್ದ ವಿಕಿರಣ ಬಹಳ ಕಡಿಮೆ. ಆದರೂ ಹುಟ್ಟುವ ಮಗು ಅಂಗವಿಕಲವಾದೀತೆಂಬ ಹೆದರಿಕೆಯಿಂದ, ವೈದ್ಯರಿಗೂ ಸರಿಯಾದ ಉತ್ತರ ಗೊತ್ತಿಲ್ಲದೆ, ಅಲ್ಲಿ ಸುಮಾರು 2,500 ಬೇಕಾಗಿದ್ದ ಬಸಿರುಗಳನ್ನು ತೆಗೆಸಲಾಯಿತೆಂದು ಅಲ್ಲಿನ ಸಂಶೋಧಕರು 1987ರಲ್ಲಿ ಅಂದಾಜು ಮಾಡಿದರು. 1987ರ ಜನವರಿಯಲ್ಲಿ ಅಲ್ಲಿ ಹುಟ್ಟಿದ ಮಕ್ಕಳ ಸಂಖ್ಯೆ ಥಟ್ಟನೆ ಇಳಿದದ್ದು ಅದಕ್ಕೆ ಸಾಕ್ಷಿಯಾಗಿತ್ತು. ಗರ್ಭಕ್ಕೆ ತಗುಲಿದ ವಿಕಿರಣ 100 ಮಿಲಿಗ್ರೇಗಿಂತ (ಇಲ್ಲಿ ಮಿಲಿಸೀವರ್ಟಿಗೆ ಹೆಚ್ಚುಕಡಿಮೆ ಸಮನಾದ ಮಾನ) ಕಡಿಮೆಯಿದ್ದರೆ ಅದೊಂದೇ ಕಾರಣಕ್ಕೆ ಬಸಿರು ತೆಗೆಸಬಾರದೆಂದು ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ ಹೇಳುತ್ತದೆ. ಗ್ರೀಸಿನ ತಾಯಂದಿರಿಗೆ ತಗುಲಿದ್ದು ಅದರ ಹತ್ತಿರಕ್ಕೂ ಬರುವಂಥದಲ್ಲ. ಅಲ್ಲಿ ಕಳೆದುಹೋದ ಮಕ್ಕಳು ವಿಕಿರಣದ ಪಟ್ಟಿಗೆ ಸೇರುವುದಿಲ್ಲ, ಯಾವ ಸ್ಮಾರಕದಲ್ಲೂ ಅವರ ಹೆಸರಿಲ್ಲ. ಆದರೂ ಅದು ಆ ಅವಘಡದ ಆರೋಗ್ಯ ಪರಿಣಾಮವೇ.

ಜಪಾನಿನ ಫುಕುಶಿಮಾ ಸ್ಥಾವರದ ಕಥೆ ಇನ್ನೂ ಕಠಿಣವಾದದ್ದು. 2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಯಿಂದ ಮೂರು ರಿಯಾಕ್ಟರುಗಳ ಒಡಲು ಕರಗಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ತೀವ್ರ ವಿಕಿರಣ ಕಾಯಿಲೆ ಯಾರಿಗೂ ಆಗಲಿಲ್ಲ, ಅಲ್ಲಿನ ನಿವಾಸಿಗಳಲ್ಲಿ ವಿಕಿರಣದಿಂದಲೇ ಆದದ್ದೆಂದು ಹೇಳಬಹುದಾದ ಆರೋಗ್ಯ ಹಾನಿ ದಾಖಲಾಗಿಲ್ಲವೆಂದು ವಿಶ್ವಸಂಸ್ಥೆಯ ಸಮಿತಿ ಹೇಳಿದೆ. ಒಬ್ಬ ಕೆಲಸಗಾರನ ಶ್ವಾಸಕೋಶದ ಕ್ಯಾನ್ಸರ್ ಸಾವನ್ನು ಜಪಾನ್ ಸರ್ಕಾರ 2018ರಲ್ಲಿ ಪರಿಹಾರಕ್ಕಾಗಿ ಒಪ್ಪಿಕೊಂಡಿತು. ಆದರೆ ಫುಕುಶಿಮಾ ಪ್ರಾಂತವೊಂದರಲ್ಲೇ 2,300ಕ್ಕೂ ಹೆಚ್ಚು ಸಾವುಗಳನ್ನು, ಸುನಾಮಿಯ ನೀರಿನಿಂದಲ್ಲದೆ, ಸ್ಥಳಾಂತರದ ಕಷ್ಟ, ಚಿಕಿತ್ಸೆಯ ಅಡಚಣೆ ಮತ್ತು ಹತಾಶೆಯಿಂದ ಆದವುಗಳೆಂದು ಅಲ್ಲಿನ ಸರ್ಕಾರವೇ ಲೆಕ್ಕ ಹಾಕಿದೆ. ಹಾಸಿಗೆ ಹಿಡಿದ ಮುದುಕರನ್ನು ವೈದ್ಯರಿಲ್ಲದ ಬಸ್ಸುಗಳಲ್ಲಿ ಗಂಟೆಗಟ್ಟಲೆ ಸಾಗಿಸಿದ ಒಂದೇ ಆಸ್ಪತ್ರೆಯ ರೋಗಿಗಳಲ್ಲಿ ಹತ್ತಾರು ಮಂದಿ ದಾರಿಯಲ್ಲೂ ಶಿಬಿರದಲ್ಲೂ ತೀರಿಕೊಂಡರು. ಅವರು ಇದ್ದಲ್ಲೇ ಕೆಲವು ದಿನ ಉಳಿದಿದ್ದರೆ ತಗುಲುತ್ತಿದ್ದ ವಿಕಿರಣ ಅವರ ಆಯುಷ್ಯವನ್ನು ಅಷ್ಟು ಬೇಗ ಕಸಿಯುತ್ತಿರಲಿಲ್ಲ. ಹೊಸ ಶಾಲೆಗೆ ಸೇರಿದ ಸ್ಥಳಾಂತರಿತ ಮಕ್ಕಳನ್ನು ಸಹಪಾಠಿಗಳು "ರೋಗಾಣು" ಎಂದು ಕರೆದು ಕಾಡಿದ ಪ್ರಕರಣಗಳೂ ಬೆಳಕಿಗೆ ಬಂದವು.

ಇದನ್ನು ಓದಿ "ನೋಡಿ, ಭಯವೇ ನಿಜವಾದ ಶತ್ರು, ಜನ ಸುಮ್ಮನೆ ಹೆದರುತ್ತಾರೆ" ಎಂಬ ತೀರ್ಮಾನಕ್ಕೆ ತಾವು ಬರಬಾರದೆಂದು ವಿನಂತಿ. ಆ ತೀರ್ಮಾನವನ್ನು ಸ್ಥಾವರಗಳನ್ನು ನಡೆಸುವವರ ಬಾಯಲ್ಲಿ ನಾನು ಬಹಳ ಸಲ ಕೇಳಿದ್ದೇನೆ, ಪ್ರತಿಸಲವೂ ನನಗೆ ನೋವಾಗಿದೆ. ಜನರು ನಂಬದೆ ಹೋದದ್ದಕ್ಕೆ ಚರಿತ್ರೆಯಲ್ಲಿ ಕಾರಣಗಳಿವೆ. 1957ರ ಸೆಪ್ಟೆಂಬರಿನಲ್ಲಿ ಸೋವಿಯತ್ ಒಕ್ಕೂಟದ ಉರಾಲ್ ಪ್ರದೇಶದ ಮಯಾಕ್ ಪರಮಾಣು ಕೇಂದ್ರದಲ್ಲಿ ತ್ಯಾಜ್ಯದ ತೊಟ್ಟಿ ಸಿಡಿದು ಸಾವಿರಾರು ಜನರನ್ನು ಊರು ಬಿಡಿಸಬೇಕಾಯಿತು, ಆ ಸರ್ಕಾರ ಅದನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 1989ರಲ್ಲಿ. 1957ರದೇ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ವಿಂಡ್‌ಸ್ಕೇಲ್ ರಿಯಾಕ್ಟರಿಗೆ ಬೆಂಕಿ ಬಿದ್ದು, ಸುತ್ತಲ ಸುಮಾರು 500 ಚದರ ಕಿಲೋಮೀಟರ್ ಪ್ರದೇಶದ ಹಾಲನ್ನು ಚೆಲ್ಲಿಸಿದರು. ಅದರ ತನಿಖಾ ವರದಿಯ ಪೂರ್ಣ ಪಾಠವನ್ನು ಪ್ರಧಾನಿ ಮ್ಯಾಕ್‌ಮಿಲನ್ ತಡೆಹಿಡಿದರು. 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡ್ ಸ್ಥಾವರದ ಅವಘಡದಲ್ಲಿ ಹೊರಬಿದ್ದ ವಿಕಿರಣ ಸುತ್ತಲ ಜನಕ್ಕೆ ಒಂದು ಎಕ್ಸ್‌ರೇಗಿಂತ ಹೆಚ್ಚಲ್ಲ. ಆದರೆ ಒಬ್ಬೊಬ್ಬ ಅಧಿಕಾರಿ ಒಂದೊಂದು ಹೇಳಿದ್ದರಿಂದ, ಬಸುರಿಯರು ಮತ್ತು ಚಿಕ್ಕ ಮಕ್ಕಳು ಐದು ಮೈಲಿಯಿಂದಾಚೆ ಹೋಗುವುದೊಳ್ಳೆಯದೆಂದು ರಾಜ್ಯಪಾಲರು ಸೂಚಿಸಿದ ಮೇಲೆ, ಒಂದು ಲಕ್ಷಕ್ಕೂ ಹೆಚ್ಚು ಜನ ತಾವಾಗಿಯೇ ಊರು ಬಿಟ್ಟರು. ಸುಳ್ಳು ಹೇಳಿದ ಕಡೆ ಜನ ಹೆದರಿದ್ದಾರೆ, ತಡವಾಗಿ ಹೇಳಿದ ಕಡೆ ಹೆದರಿದ್ದಾರೆ, ಗೊಂದಲವಾಗಿ ಹೇಳಿದ ಕಡೆಯೂ ಹೆದರಿದ್ದಾರೆ.

ಕೈಗಾ ನಮ್ಮಿಂದ ದೂರ, ಕೂಡಂಕುಳಂ ಇನ್ನೂ ದೂರ, ಕೋಲಾರಕ್ಕೆ ಇದೆಲ್ಲ ಏಕೆ ಎಂದು ತಾವು ಕೇಳಬಹುದು. ನಮ್ಮ ನೆಲದಲ್ಲಿ ಈ ಭಯ ಆಗಲೇ ಬೇರೊಂದು ದಾರಿಯಿಂದ ಒಳಗೆ ಬಂದಿದೆ. ಪೂರ್ವ ಕರ್ನಾಟಕದ ಎಪ್ಪತ್ತಕ್ಕೂ ಹೆಚ್ಚು ಹಳ್ಳಿಗಳ ಕೊಳವೆಬಾವಿ ನೀರನ್ನು ವಿಜ್ಞಾನಿಗಳು ಪರೀಕ್ಷಿಸಿದಾಗ, ಅರ್ಧಕ್ಕೂ ಹೆಚ್ಚು ಹಳ್ಳಿಗಳಲ್ಲಿ ಯುರೇನಿಯಂ ಪ್ರಮಾಣ ಲೀಟರಿಗೆ 30 ಮೈಕ್ರೋಗ್ರಾಂ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯನ್ನು ದಾಟಿತ್ತು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಹೆಸರುಗಳು ಆಗ ಪತ್ರಿಕೆಗಳಲ್ಲಿ ಬಂದವು. ಸುದ್ದಿ ಬಂದ ಕೆಲವು ದಿನಗಳಲ್ಲಿ ನನಗೆ ಪರಿಚಯವಿರುವ ಒಂದು ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ನಾನು ನಿಂತಿದ್ದೆ. ಐದು ರೂಪಾಯಿ ನಾಣ್ಯ ಹಾಕಿ ಕ್ಯಾನು ತುಂಬುತ್ತಿದ್ದ ಹೆಂಗಸೊಬ್ಬಳು, ನಲ್ಲಿ ನಿಲ್ಲಿಸಿ, "ಮೇಷ್ಟ್ರೇ, ನಮ್ಮ ನೀರಲ್ಲಿ ಬಾಂಬಿನ ವಿಷ ಐತಂತೆ, ನನ್ನ ಸೊಸೆ ಬಸುರಿ, ತೌರಿಗೆ ಕಳಿಸಿಬಿಡ್ಲಾ?" ಎಂದು ಕೇಳಿದಳು. ಪಕ್ಕದಲ್ಲಿದ್ದವರೊಬ್ಬರು ಇನ್ನೊಂದು ಸಂಗತಿ ಹೇಳಿದರು. ಹೆಣ್ಣು ನೋಡಲು ಬಂದವರು ಊರಿನ ಹೆಸರು ಕೇಳಿ, ನೀರಿನ ಸುದ್ದಿ ಎತ್ತಿ, ತಿಂಡಿ ತಿಂದು ಎದ್ದು ಹೋಗಿದ್ದರಂತೆ. ಹಿರೋಶಿಮಾ ನಾಗಾಸಾಕಿಯಲ್ಲಿ ಬದುಕುಳಿದವರ ಹೆಣ್ಣುಮಕ್ಕಳಿಗೆ ಸಂಬಂಧ ಕುದುರುವುದು ಹೇಗೆ ಕಷ್ಟವಾಯಿತೆಂದು ಓದಿದ್ದ ನನಗೆ, ಅದೇ ಮಾತನ್ನು ನಮ್ಮ ಕಡೆಯ ಹಳ್ಳಿಯ ನೀರಿನ ಘಟಕದ ಮುಂದೆ ಕೇಳಿ ಮೈ ಜುಮ್ಮೆಂದಿತು.

ಆಕೆಗೆ ಹೇಳಬೇಕಾದ ಉತ್ತರ ಸರಳವಾಗಿಯೇ ಇದೆ. ನಮ್ಮ ನೀರಿನ ಯುರೇನಿಯಂ ಯಾವ ಸ್ಥಾವರದಿಂದಲೂ ಬಂದದ್ದಲ್ಲ. ಅದು ನಮ್ಮ ಗ್ರಾನೈಟ್ ಬಂಡೆಗಳಲ್ಲಿ ಮೊದಲಿನಿಂದ ಇರುವಂಥದು. ಕೆರೆಗಳು ಬತ್ತಿ, ಸಾವಿರ ಅಡಿ ದಾಟಿ ಕೊರೆದ ಬಾವಿಗಳಲ್ಲಿ ಬಂಡೆಯ ಜೊತೆ ಬಹಳ ಕಾಲ ಒಡನಾಡಿದ ನೀರನ್ನು ನಾವು ಮೇಲೆತ್ತುತ್ತಿದ್ದೇವೆ. ಸಹಜ ಯುರೇನಿಯಂ ಬಹಳ ನಿಧಾನವಾಗಿ ಕ್ಷಯಿಸುವ ವಸ್ತು, ಆದ್ದರಿಂದ ಅದರ ವಿಕಿರಣ ದುರ್ಬಲ. ಅದರ ಮುಖ್ಯ ಅಪಾಯ ಒಂದು ಭಾರಲೋಹವಾಗಿ ಮೂತ್ರಪಿಂಡಕ್ಕೆ ಮಾಡುವ ಹಾನಿ. ಸರಿಯಾಗಿ ನಿರ್ವಹಿಸಿದ ಆರ್‌ಒ ಘಟಕ ಅದರ ಬಹುಪಾಲನ್ನು ತೆಗೆಯುತ್ತದೆ. ಸೊಸೆಯನ್ನು ತೌರಿಗೆ ಕಳಿಸುವ ಅಗತ್ಯವಿಲ್ಲ, ಘಟಕದ ಪೊರೆಯನ್ನು ಸಮಯಕ್ಕೆ ಬದಲಿಸುವ ಮತ್ತು ಅದರಿಂದ ಹೊರಹೋಗುವ ಕೊಳೆ ನೀರನ್ನು ಮತ್ತೆ ದನದ ತೊಟ್ಟಿಗೆ ಬಿಡದಿರುವ ಅಗತ್ಯವಿದೆ. ಅಂದು ನಾನು ಇದನ್ನು ಹೇಳಿದೆ. ಆದರೆ ನಿವೃತ್ತ ಮೇಷ್ಟರೊಬ್ಬರು ದಾರಿಯಲ್ಲಿ ಹೇಳುವ ಮಾತಿಗೂ, ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಆ ಊರಿನದೇ ಬಾವಿಯ ಅಂಕಿಯೊಂದಿಗೆ ಅಂಟಿಸಿದ ಹಾಳೆಗೂ ಬಹಳ ವ್ಯತ್ಯಾಸವಿದೆ. ಎರಡನೆಯದು ಅಲ್ಲಿರಲಿಲ್ಲ.

ದಾಖಲೆಯ ಮೇಲೆ ನಾನು ಇಷ್ಟು ಒತ್ತು ಕೊಡಲು ಕಾರಣವಿದೆ. ವಿಕಿರಣದ ಬಗ್ಗೆ ಮನುಕುಲಕ್ಕೆ ಇಂದು ಖಚಿತವಾಗಿ ಗೊತ್ತಿರುವ ಬಹುಪಾಲು ಸಂಗತಿಗಳು ತಾಳ್ಮೆಯಿಂದ ಬರೆದಿಟ್ಟ ರಿಜಿಸ್ಟರುಗಳಿಂದ ಬಂದವು. ಹಿರೋಶಿಮಾ ಮತ್ತು ನಾಗಾಸಾಕಿಯ ಸುಮಾರು 1,20,000 ಜನರ ಆರೋಗ್ಯವನ್ನು 1950ರಿಂದ ಇಂದಿನವರೆಗೂ ಹಿಂಬಾಲಿಸುತ್ತಿದ್ದಾರೆ. ಹೆಚ್ಚು ವಿಕಿರಣ ಪಡೆದವರಲ್ಲಿ ಮೊದಲ ವರ್ಷಗಳಲ್ಲಿ ರಕ್ತದ ಕ್ಯಾನ್ಸರ್, ದಶಕಗಳ ನಂತರ ಸ್ತನ, ಶ್ವಾಸಕೋಶ, ಹೊಟ್ಟೆಯ ಕ್ಯಾನ್ಸರುಗಳು ಹೆಚ್ಚಾದದ್ದು ಅಲ್ಲಿಂದ ತಿಳಿಯಿತು. ಆ ಸಮಯದಲ್ಲಿ ಗರ್ಭದಲ್ಲಿದ್ದು ಹೆಚ್ಚು ವಿಕಿರಣಕ್ಕೆ ಸಿಕ್ಕ ಕೆಲವು ಶಿಶುಗಳ ಮೆದುಳಿನ ಬೆಳವಣಿಗೆ ಕುಂಠಿತವಾದದ್ದೂ, ಆದರೆ ಬಾಂಬಿನ ನಂತರ ಬಸಿರಾದ ತಾಯಂದಿರ ಮಕ್ಕಳಲ್ಲಿ ವಂಶವಾಹಿ ದೋಷಗಳ ಹೆಚ್ಚಳ ಕಂಡುಬರದೇ ಇದ್ದದ್ದೂ ಅದೇ ರಿಜಿಸ್ಟರುಗಳಿಂದ ತಿಳಿಯಿತು. ಮದುವೆಗೆ ಹಿಂಜರಿದ ಸಾವಿರಾರು ಕುಟುಂಬಗಳಿಗೆ ಈ ಕೊನೆಯ ಸಂಗತಿ ಎಷ್ಟು ಬೇಗ ತಿಳಿದಿದ್ದರೆ ಅಷ್ಟು ಒಳ್ಳೆಯದಿತ್ತು. ನಮ್ಮ ದೇಶದಲ್ಲೇ ಕೇರಳದ ಕರುನಾಗಪ್ಪಳ್ಳಿಯ ಕರಾವಳಿ ಮರಳಿನಲ್ಲಿ ಥೋರಿಯಂ ಇರುವುದರಿಂದ ಅಲ್ಲಿನ ಸಹಜ ವಿಕಿರಣ ಬೇರೆಡೆಗಿಂತ ಹಲವು ಪಟ್ಟು ಹೆಚ್ಚು. ಅಲ್ಲಿನ ಸುಮಾರು 70,000 ನಿವಾಸಿಗಳನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿ, ಕ್ಯಾನ್ಸರ್ ರಿಜಿಸ್ಟರಿನೊಂದಿಗೆ ತಾಳೆ ನೋಡಿ, ಆ ಕಾರಣದಿಂದ ಕ್ಯಾನ್ಸರ್ ಹೆಚ್ಚಾಗಿಲ್ಲವೆಂದು 2009ರಲ್ಲಿ ಪ್ರಕಟಿಸಿದರು. ಕೇರಳದ ಒಂದು ತಾಲ್ಲೂಕಿಗೆ ಆದದ್ದು ನಮ್ಮ ಜಿಲ್ಲೆಗೆ ಆಗದೇ?

ಒಂದು ಎಚ್ಚರಿಕೆಯನ್ನೂ ಹೇಳಬೇಕು. ದಾಖಲೆ ಎಂದರೆ ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸಿ ಸ್ಕ್ಯಾನ್ ಮಾಡುವುದಲ್ಲ. ಫುಕುಶಿಮಾದಲ್ಲಿ ಮೊದಲ ಸುತ್ತಿನಲ್ಲೇ ಸುಮಾರು ಮೂರು ಲಕ್ಷ ಮಕ್ಕಳ ಥೈರಾಯ್ಡನ್ನು ಸೂಕ್ಷ್ಮವಾದ ಅಲ್ಟ್ರಾಸೌಂಡ್ ಯಂತ್ರಗಳಿಂದ ನೋಡಿದರು. ಎಂದೂ ತೊಂದರೆ ಕೊಡದೆ ಇದ್ದುಬಿಡಬಹುದಾಗಿದ್ದ ಸಣ್ಣ ಗೆಡ್ಡೆಗಳು ನೂರಾರು ಮಕ್ಕಳಲ್ಲಿ ಪತ್ತೆಯಾಗಿ ಶಸ್ತ್ರಚಿಕಿತ್ಸೆ, ಆತಂಕ ಎರಡೂ ಬೆಳೆದವು. ಆ ಗೆಡ್ಡೆಗಳಿಗೆ ವಿಕಿರಣಕ್ಕಿಂತ ಹೆಚ್ಚಾಗಿ ಹುಡುಕಾಟದ ತೀವ್ರತೆಯೇ ಕಾರಣವೆಂದು ಈಗ ಹೆಚ್ಚಿನ ತಜ್ಞರು ಹೇಳುತ್ತಾರೆ. ಅವಘಡಕ್ಕೆ ಮೊದಲಿನ ಲೆಕ್ಕ ಆ ಮಕ್ಕಳದ್ದು ಯಾರ ಬಳಿಯೂ ಇರಲಿಲ್ಲ. ಇದ್ದಿದ್ದರೆ ಹೋಲಿಸಿ ನೋಡಬಹುದಿತ್ತು. ಗಣಿಯ ದೂಳಿನಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಎಷ್ಟು ತಡವಾಗಿ ಕಾಣಿಸಿಕೊಳ್ಳುತ್ತದೆ, ಆ ಹೊತ್ತಿಗೆ ಹಳೆಯ ಕಾಗದಗಳನ್ನು ಹುಡುಕುವುದು ಎಷ್ಟು ಕಷ್ಟ ಎಂಬುದು ಕೆಜಿಎಫ್‌ನ ಮನೆಮನೆಗೂ ಗೊತ್ತು. ತಡವಾಗಿ ಬರುವ ಕಾಯಿಲೆಗೆ ಮೊದಲೇ ಬರೆದಿಟ್ಟ ಕಾಗದ ಬಿಟ್ಟರೆ ಬೇರೆ ಸಾಕ್ಷಿಯಿಲ್ಲ.

ವಿಕಿರಣದ ಅವಘಡಕ್ಕೆ ಸ್ಥಾವರವೇ ಬೇಕೆಂದಿಲ್ಲ ಎಂಬುದನ್ನೂ ವಿಪತ್ತು ನಿರ್ವಹಣಾ ಪ್ರಾಧಿಕಾರದ ಗಮನಕ್ಕೆ ತರುತ್ತೇನೆ. 1987ರಲ್ಲಿ ಬ್ರೆಜಿಲ್‌ನ ಗೋಯಾನಿಯಾ ನಗರದಲ್ಲಿ ಪಾಳುಬಿದ್ದ ಚಿಕಿತ್ಸಾಲಯದಿಂದ ಕ್ಯಾನ್ಸರ್ ಚಿಕಿತ್ಸೆಯ ಯಂತ್ರವೊಂದು ಗುಜರಿಗೆ ಹೋಯಿತು. ಅದರೊಳಗಿನ ಸೀಸಿಯಂ-137 ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿದ್ದುದರಿಂದ ಜನ ಅದನ್ನು ಮನೆಗೆ ಒಯ್ದು ಮಕ್ಕಳ ಕೈಗೂ ಕೊಟ್ಟರು. ನಾಲ್ವರು ಸತ್ತರು, 249 ಮಂದಿಯ ಮೈಗೆ ಅಂಟಿತ್ತು, ಹೆದರಿ ಪರೀಕ್ಷೆಗೆ ಬಂದವರು ಒಂದು ಲಕ್ಷ ಹತ್ತು ಸಾವಿರಕ್ಕೂ ಹೆಚ್ಚು. ಸತ್ತ ಪುಟ್ಟ ಹುಡುಗಿಯನ್ನು ಮಣ್ಣು ಮಾಡಲು ಬಿಡದೆ ಊರವರು ಶವಪೆಟ್ಟಿಗೆಯ ಮೇಲೆ ಕಲ್ಲು ತೂರಿದರು. 2010ರಲ್ಲಿ ದೆಹಲಿಯ ಮಾಯಾಪುರಿಯಲ್ಲೂ ಹೀಗೇ ವಿಶ್ವವಿದ್ಯಾಲಯದ ಹಳೆಯ ಕೋಬಾಲ್ಟ್-60 ಯಂತ್ರ ಹರಾಜಿನಲ್ಲಿ ಗುಜರಿ ಸೇರಿ ಒಬ್ಬರ ಪ್ರಾಣ ತೆಗೆಯಿತು, ಹಲವರ ಕೈ ಮೈ ಸುಟ್ಟಿತು. ನಮ್ಮ ಜಿಲ್ಲೆಯಲ್ಲಿ ಆಸ್ಪತ್ರೆಗಳಿವೆ, ಮಾಲೂರು ನರಸಾಪುರಗಳ ಕೈಗಾರಿಕಾ ಪ್ರದೇಶಗಳಿವೆ, ಅವುಗಳ ಸುತ್ತ ಗುಜರಿ ಅಂಗಡಿಗಳಿವೆ. ಮೂರು ಎಲೆಗಳ ಆ ವಿಕಿರಣ ಚಿಹ್ನೆಯನ್ನು ಗುರುತಿಸುವ ಗುಜರಿ ವ್ಯಾಪಾರಿ ಎಷ್ಟು ಮಂದಿ ಇದ್ದಾರೆಂದು ಒಮ್ಮೆ ಕೇಳಿಸಿ ನೋಡಿ. ನಾನು ಚೀಟಿಯಲ್ಲಿ ಬರೆದು ತೋರಿಸಿದಾಗ ಒಬ್ಬರು ಅದನ್ನು ಫ್ಯಾನಿನ ಕಂಪನಿಯ ಗುರುತೆಂದರು.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಇವು. ಕೆಜಿಎಫ್ ಗಣಿಗಳಲ್ಲಿ ಪರಮಾಣು ತ್ಯಾಜ್ಯ ಇಡಲಾಗಿದೆಯೇ, ಇಡುವ ಯಾವುದಾದರೂ ಪ್ರಸ್ತಾಪ ಇಂದು ಜೀವಂತವಾಗಿದೆಯೇ ಎಂಬುದಕ್ಕೆ ಪರಮಾಣು ಇಂಧನ ಇಲಾಖೆಯಿಂದ ಲಿಖಿತ ಉತ್ತರ ತರಿಸಿ, ಅದನ್ನು ಕನ್ನಡ, ತಮಿಳು, ತೆಲುಗು ಮತ್ತು ಉರ್ದುವಿನಲ್ಲಿ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಮಾರಿಕುಪ್ಪಂ ಮುಂತಾದೆಡೆ ಸಾರ್ವಜನಿಕವಾಗಿ ಹಾಕಿಸಬೇಕು. ಉತ್ತರ ಏನೇ ಇರಲಿ, ಅದು ಕಾಗದದ ಮೇಲೆ ಸಹಿಯೊಂದಿಗೆ ಇರಬೇಕು. ಕುಡಿಯಲು ಬಳಸುವ ಪ್ರತಿಯೊಂದು ಸರ್ಕಾರಿ ಕೊಳವೆಬಾವಿಯ ಮತ್ತು ಪ್ರತಿಯೊಂದು ಶುದ್ಧ ನೀರಿನ ಘಟಕದ ಯುರೇನಿಯಂ, ಫ್ಲೋರೈಡ್ ಮತ್ತು ನೈಟ್ರೇಟ್ ಅಂಕಿಗಳನ್ನು ಮಳೆಗಾಲಕ್ಕೆ ಮೊದಲೂ ನಂತರವೂ ಅಳೆದು, ಮಿತಿ ಎಷ್ಟು, ನಮ್ಮದು ಎಷ್ಟು, ಏನು ಮಾಡಬೇಕು ಎಂಬ ಮೂರು ಸಾಲುಗಳೊಂದಿಗೆ ಅಲ್ಲೇ ಬರೆಸಬೇಕು. ಕ್ಯಾನ್ಸರ್, ಥೈರಾಯ್ಡ್, ಮೂತ್ರಪಿಂಡದ ಕಾಯಿಲೆ ಮತ್ತು ಜನನದೋಷಗಳನ್ನು ಗ್ರಾಮವಾರು ದಾಖಲಿಸುವ ಜಿಲ್ಲಾ ರಿಜಿಸ್ಟರನ್ನು ಆರಂಭಿಸಬೇಕು. ಹೆಸರುಗಳನ್ನು ಗುಟ್ಟಾಗಿಟ್ಟು ಮೊತ್ತದ ಅಂಕಿಗಳನ್ನು ಪ್ರತಿವರ್ಷ ಪ್ರಕಟಿಸಬೇಕು. ಈ ಕೆಲಸಕ್ಕೆ ಜಿಲ್ಲೆಯ ವೈದ್ಯಕೀಯ ಶಿಕ್ಷಣ ಸಂಸ್ಥೆಗಳ ನೆರವು ಪಡೆಯಬಹುದು, ಆದರೆ ಹೊಣೆ ಸರ್ಕಾರದ್ದೇ ಆಗಿರಬೇಕು, ಏಕೆಂದರೆ ಒಂದು ಯೋಜನೆ ಮುಗಿದರೆ ನಿಂತುಹೋಗುವ ರಿಜಿಸ್ಟರಿನಿಂದ ಪ್ರಯೋಜನವಿಲ್ಲ.

ಆರೋಗ್ಯಾಧಿಕಾರಿಗಳಲ್ಲಿ ವಿಶೇಷವಾಗಿ ಕೇಳುವುದು ಇಷ್ಟು. ಆಶಾ ಕಾರ್ಯಕರ್ತೆಯರಿಗೂ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ವಿಕಿರಣದ ಬಗ್ಗೆ ಒಂದು ದಿನದ ತರಬೇತಿ ಕೊಡಿ. ಬಸುರಿ ಹೆಣ್ಣುಮಗಳಿಗೆ ಎಕ್ಸ್‌ರೇ ಆಗಿಬಿಟ್ಟಿದ್ದರೆ, ನೀರಿನಲ್ಲಿ ಯುರೇನಿಯಂ ಇದೆಯೆಂದು ಗೊತ್ತಾದರೆ, ಟಿ.ವಿ.ಯಲ್ಲಿ ಎಲ್ಲೋ ಸ್ಥಾವರದ ಸುದ್ದಿ ಬಂದರೆ ಆಕೆಗೆ ಏನು ಹೇಳಬೇಕೆಂಬುದು ಅವರಿಗೆ ಗೊತ್ತಿರಲಿ. ಗ್ರೀಸಿನಲ್ಲಿ ಆದದ್ದು ಇಲ್ಲಿ ಒಬ್ಬಳಿಗೂ ಆಗಬಾರದು. ವಿಪತ್ತು ನಿರ್ವಹಣಾ ಯೋಜನೆಯಲ್ಲಿ ಹಾಸಿಗೆ ಹಿಡಿದವರನ್ನು, ಡಯಾಲಿಸಿಸ್ ರೋಗಿಗಳನ್ನು ಎಲ್ಲಿಗೆ, ಯಾರ ಜೊತೆ, ಯಾವ ವಾಹನದಲ್ಲಿ ಸಾಗಿಸಬೇಕು, ಯಾವಾಗ ಸಾಗಿಸದೇ ಇರುವುದೇ ಮೇಲು ಎಂಬುದನ್ನು ಬರೆಯಿರಿ. ಇದು ಪ್ರವಾಹಕ್ಕೂ ಬೆಂಕಿಗೂ ಅಷ್ಟೇ ಬೇಕಾಗುವ ಮಾತು. ಗುಜರಿ ವ್ಯಾಪಾರಿಗಳಿಗೆ ಆ ಚಿಹ್ನೆಯ ಚಿತ್ರವನ್ನೂ, ಕಂಡರೆ ಮುಟ್ಟದೆ ಫೋನ್ ಮಾಡಬೇಕಾದ ಸಂಖ್ಯೆಯನ್ನೂ ಮುದ್ರಿಸಿ ಕೊಡಲು ಹೆಚ್ಚು ಖರ್ಚಿಲ್ಲ.

ಈ ಪತ್ರಕ್ಕೆ ನನಗೆ ಪ್ರತ್ಯೇಕ ಉತ್ತರ ಕಳಿಸುವ ಅಗತ್ಯವಿಲ್ಲ. ಬರುವ ಗ್ರಾಮಸಭೆಗಳ ಕಾರ್ಯಸೂಚಿಯಲ್ಲಿ ನೀರಿನ ಪರೀಕ್ಷೆಯ ವರದಿಯನ್ನು ಒಂದು ವಿಷಯವಾಗಿ ಸೇರಿಸಿ, ಅಲ್ಲಿ ಅದನ್ನು ಓದಿ ಹೇಳಲು ಆರೋಗ್ಯ ಇಲಾಖೆಯಿಂದ ಒಬ್ಬರನ್ನು ಕಳಿಸಿ. ಜನ ಕೇಳುವ ಪ್ರಶ್ನೆಗಳನ್ನು ಬರೆದುಕೊಂಡು, ಗೊತ್ತಿಲ್ಲದ್ದಕ್ಕೆ ಮುಂದಿನ ಸಭೆಯಲ್ಲಿ ಉತ್ತರ ತರುವಂತೆ ಅವರಿಗೆ ಸೂಚಿಸಿ. ವಿವರಿಸಲು ಕನ್ನಡ ತೆಲುಗು ಎರಡೂ ಬಲ್ಲ ವಿಜ್ಞಾನ ಶಿಕ್ಷಕರು ಬೇಕಾದರೆ ನಾನೂ, ನನ್ನಂತೆಯೇ ನಿವೃತ್ತರಾದ ಕೆಲವು ಸಹೋದ್ಯೋಗಿಗಳೂ ಯಾವ ಸಂಭಾವನೆಯೂ ಇಲ್ಲದೆ ಬರಲು ಸಿದ್ಧರಿದ್ದೇವೆ.

ಗೌರವಪೂರ್ವಕ ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ,
ಕೋಲಾರ